ಸಾಲಿನಲ್ಲಿ ನಿಂತ ಆರ್ಡರ್: ಫೋನಿನಿಂದ ಸ್ಕ್ರೀನಿಗೆ, ನನ್ನ ಅನುಭವ

1991ರಲ್ಲಿ ನಾನು ಬೆಂಗಳೂರಿನ ಒಬ್ಬ ಷೇರು ಬ್ರೋಕರ್ ಆಫೀಸಿನಲ್ಲಿ ಕ್ಲರ್ಕ್ ಆಗಿ ಸೇರಿದೆ. ಮಾಡುತ್ತಿದ್ದದ್ದು ಮೂರು ಕೆಲಸ. ಫೋನ್ ಹಿಡಿಯುವುದು, ಟ್ರಾನ್ಸ್‌ಫರ್ ಡೀಡಿಗೆ ಸ್ಟಾಂಪ್ ಅಂಟಿಸುವುದು, ಗಿರಾಕಿಗಳ ಹತ್ತಿರ ಬೈಸಿಕೊಳ್ಳುವುದು. ಮೂರನೆಯದೇ ಜಾಸ್ತಿ.

ಆಗ ಷೇರು ಕೊಳ್ಳುವುದು ಹೇಗಿತ್ತು ಅಂತ ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ನಮ್ಮ ಯಜಮಾನರು ಜೆ.ಸಿ. ರಸ್ತೆಯ ಬೆಂಗಳೂರು ಷೇರು ವಿನಿಮಯ ಕೇಂದ್ರದ ಸದಸ್ಯರು. ಊರಿನ ಕಂಪನಿಗಳ ಷೇರು ಅಲ್ಲೇ ಸಿಗುತ್ತಿತ್ತು. ದೊಡ್ಡ ಕಂಪನಿಗಳ ಷೇರು ಬೇಕಾದರೆ ಮುಂಬೈಗೇ ಫೋನ್ ಮಾಡಬೇಕು. ಅಲ್ಲಿ ನಮಗೊಬ್ಬ ಬ್ರೋಕರ್ ಇದ್ದರು. ಎಸ್‌ಟಿಡಿ ಲೈನ್ ಸಿಕ್ಕಾಗ ನಾನು ಆರ್ಡರ್ ಓದುತ್ತಿದ್ದೆ. ಅವರ ಹುಡುಗ ಬರೆದುಕೊಂಡು, ರಿಂಗಿನಲ್ಲಿ, ಅಂದರೆ ಬ್ರೋಕರ್‌ಗಳು ಸೇರಿ ವ್ಯಾಪಾರ ಮಾಡುವ ಅಂಗಳದಲ್ಲಿ, ಕೂಗಾಡುತ್ತಿದ್ದ ತಮ್ಮ ಕಡೆಯವನಿಗೆ ಚೀಟಿ ಕಳಿಸುತ್ತಿದ್ದ. ಸಂಜೆ ವಾಪಸ್ ಫೋನ್ ಬರುತ್ತಿತ್ತು. "ಆಯ್ತು, ಇಷ್ಟಕ್ಕೆ ಆಯ್ತು." ಅವರು ಹೇಳಿದ್ದೇ ರೇಟು.

ಮರುದಿನ ಬೆಳಿಗ್ಗೆ ಪೇಪರಿನಲ್ಲಿ ಹಿಂದಿನ ದಿನದ ಗರಿಷ್ಠ, ಕನಿಷ್ಠ ಬೆಲೆ ಬರುತ್ತಿತ್ತು. ಹತ್ತೂವರೆಗೆಲ್ಲ ಒಬ್ಬರು ರಿಟೈರ್ಡ್ ಮೇಷ್ಟ್ರು ಪೇಪರ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಹೈಸ್ಕೂಲಿನಲ್ಲಿ ಗಣಿತ ಹೇಳಿದವರು. ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದರು.

"ನೋಡಪ್ಪಾ, ನಾನು ಕೊಂಡುಕೊಂಡ ದಿನ ನನಗೆ ಸಿಕ್ಕಿದ್ದು ಯಾವಾಗಲೂ ಆ ದಿನದ ಮೇಲಿನ ರೇಟು. ಮಾರಿದ ದಿನ ಸಿಕ್ಕಿದ್ದು ಕೆಳಗಿನ ರೇಟು. ಹನ್ನೊಂದು ಸಲ ಆಯ್ತು. ಒಂದು ಸಲವಾದರೂ ಉಲ್ಟಾ ಆಗಬೇಕಿತ್ತಲ್ವಾ?"

ನಾನು ಏನು ಹೇಳಲಿ? ಮುಂಬೈಯವರು ನಿಜವಾಗಿ ಕೊಂಡ ರೇಟಿಗೂ ನಮಗೆ ಹೇಳಿದ ರೇಟಿಗೂ ನಡುವೆ ಒಂದು ಸಂದು ಇತ್ತು. ಆ ಸಂದಿನಲ್ಲಿ ದುಡ್ಡು ಹೋಗುತ್ತಿತ್ತು. ಪೇಟೆಯವರು ಇದಕ್ಕೆ 'ಗಾಲಾ' ಅನ್ನುತ್ತಿದ್ದರು. ಆ ದಿನದ ಗರಿಷ್ಠ–ಕನಿಷ್ಠದ ಒಳಗೇ ರೇಟು ಇದ್ದರೆ ಯಾರೂ ಸುಳ್ಳು ಅನ್ನುವ ಹಾಗಿರಲಿಲ್ಲ. ಬ್ರೋಕರ್ ಕೊಡುವ ವ್ಯಾಪಾರದ ಚೀಟಿ, ಅಂದರೆ ಕಾಂಟ್ರಾಕ್ಟ್ ನೋಟಿನ ಮೇಲೆ ಗಂಟೆ, ನಿಮಿಷ ಇರುತ್ತಿರಲಿಲ್ಲ. ಇದರ ಮೇಲೆ ಬ್ರೋಕರೇಜ್ ಬೇರೆ. ಅದಕ್ಕೆ ಶೇ 2.5ರವರೆಗೆ ಅವಕಾಶ ಇತ್ತು. ಸಣ್ಣ ಗಿರಾಕಿಗೆ ಚೌಕಾಸಿ ಮಾಡುವ ಧೈರ್ಯ ಇರುತ್ತಿರಲಿಲ್ಲ.

ಕೊಂಡದ್ದು ಕೈಗೆ ಬರುವುದು ಇನ್ನೊಂದು ಪುರಾಣ. ಷೇರು ಅಂದರೆ ಆಗ ಕಾಗದ. ಒಂದು ಸರ್ಟಿಫಿಕೇಟು, ಜೊತೆಗೆ ಮಾರಿದವರ ಸಹಿ ಇರುವ ಟ್ರಾನ್ಸ್‌ಫರ್ ಡೀಡು, ಅದಕ್ಕೆ ಬೆಲೆಯ ಶೇ 0.5ರಷ್ಟು ಸ್ಟಾಂಪು. ಇದನ್ನೆಲ್ಲ ರಿಜಿಸ್ಟರ್ ಪೋಸ್ಟಿನಲ್ಲಿ ಕಂಪನಿಗೆ ಕಳಿಸಬೇಕು. ಸಹಿ ಒಂಚೂರು ಬೇರೆ ಕಂಡರೆ ವಾಪಸ್. ಅದು 'ಬ್ಯಾಡ್ ಡೆಲಿವರಿ'. ಆಗ ಮಾರಿದವರನ್ನು ಹುಡುಕಬೇಕು. ಅವರು ಯಾವುದೋ ಊರಿನ ಯಾವುದೋ ಬ್ರೋಕರಿನ ಗಿರಾಕಿ. ಒಂದು ಡೀಡು ಮೂರು ಸಲ ವಾಪಸ್ ಬಂದದ್ದು ನನಗೆ ನೆನಪಿದೆ. ಮಾರಿದ ಅಜ್ಜನಿಗೆ ಕೈ ನಡುಗುತ್ತಿತ್ತು, ಅಷ್ಟೇ. ಅಷ್ಟರಲ್ಲಿ ಆ ಷೇರಿನ ಬೆಲೆ ಅರ್ಧ ಆಗಿತ್ತು.

ಇದೆಲ್ಲ ಯಾಕೆ ಬದಲಾಯಿತು ಅಂದರೆ, 1992ರ ಹರ್ಷದ್ ಮೆಹ್ತಾ ಹಗರಣದ ನಂತರ ಸರ್ಕಾರಕ್ಕೆ ಬಿಸಿ ಮುಟ್ಟಿತ್ತು. ಅದೇ ವರ್ಷ ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿಗೆ ಕಾನೂನಿನ ಬಲ ಸಿಕ್ಕಿತು. 1992ರ ನವೆಂಬರಿನಲ್ಲೇ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ, ಅಂದರೆ ಎನ್‌ಎಸ್‌ಇ, ಹುಟ್ಟಿತು. 1994ರ ನವೆಂಬರ್ 3ರಂದು ಅಲ್ಲಿ ಷೇರು ವ್ಯವಹಾರ ಶುರುವಾಯಿತು. ಅದಕ್ಕೆ ರಿಂಗೇ ಇರಲಿಲ್ಲ. ಕೂಗುವವರಿಲ್ಲ, ಚೀಟಿ ಇಲ್ಲ. ಬ್ರೋಕರ್ ಆಫೀಸಿನ ಕಂಪ್ಯೂಟರಿನಿಂದ ಉಪಗ್ರಹದ ಮೂಲಕ ನೇರ ಮುಂಬೈನ ದೊಡ್ಡ ಕಂಪ್ಯೂಟರಿಗೆ ಆರ್ಡರ್. ಅಲ್ಲಿ ಕೊಳ್ಳುವವರ ಸಾಲು ಒಂದು, ಮಾರುವವರ ಸಾಲು ಒಂದು. ಎರಡೂ ಕೂಡಿದ ಕಡೆ ವ್ಯಾಪಾರ.

ನಮ್ಮ ಯಜಮಾನರು ನಕ್ಕರು. "ಮುಖ ನೋಡ್ದೆ ಯಾವನು ವ್ಯಾಪಾರ ಮಾಡ್ತಾನೆ? ಆರು ತಿಂಗಳು, ಆಮೇಲೆ ಬಾಗಿಲು ಹಾಕ್ತಾರೆ ನೋಡ್ತಿರು." ಆರು ತಿಂಗಳೂ ಆಗಲಿಲ್ಲ, 1995ರ ಮಾರ್ಚಿನಲ್ಲಿ 1875ರಿಂದ ಕೂಗಿಕೊಂಡು ಬಂದಿದ್ದ ಮುಂಬೈ ಷೇರು ವಿನಿಮಯ ಕೇಂದ್ರವೇ, ಅಂದರೆ ಬಿಎಸ್‌ಇಯೇ, ಬೋಲ್ಟ್ ಅನ್ನುವ ತನ್ನ ಸ್ಕ್ರೀನ್ ವ್ಯವಸ್ಥೆ ತಂದಿತು. ವ್ಯವಹಾರದಲ್ಲಿ ಎನ್‌ಎಸ್‌ಇ ಅವರನ್ನು ದಾಟಲು ಒಂದು ವರ್ಷದ ಆಸುಪಾಸು ಸಾಕಾಯಿತು. ಯಜಮಾನರು ಆಮೇಲೆ ಆ ಮಾತು ಎತ್ತಲಿಲ್ಲ.

ನಮ್ಮ ಆಫೀಸಿಗೆ ಸ್ಕ್ರೀನ್ ಬಂದದ್ದು 1996ರ ಮಧ್ಯದಲ್ಲಿ. ತಾರಸಿಯ ಮೇಲೆ ನೀರಿನ ಟ್ಯಾಂಕ್ ಪಕ್ಕ ಒಂದು ದೊಡ್ಡ ಬಿಳಿ ಡಿಶ್ ಕೂರಿಸಿದರು. ಕಟ್ಟಡದ ಮಕ್ಕಳೆಲ್ಲ ಅದರಲ್ಲಿ ಯಾವ ಚಾನೆಲ್ ಬರುತ್ತೆ ಅಂತ ಕೇಳುತ್ತಿದ್ದರು. ಕೆಳಗೆ ಎರಡು ಕಂಪ್ಯೂಟರ್, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ನನಗೆ ಇಂಗ್ಲಿಷ್ ಟೈಪಿಂಗ್ ಬರುತ್ತಿತ್ತು. ಹಾಗಾಗಿ ನಾನೇ ಆಪರೇಟರ್ ಆದೆ. ಎಫ್1 ಒತ್ತಿದರೆ ಕೊಳ್ಳುವುದು, ಎಫ್2 ಮಾರುವುದು, ಎಫ್6 ಒತ್ತಿದರೆ ಆ ಷೇರಿನ ಐದು ಉತ್ತಮ ಕೊಳ್ಳುವ ರೇಟು, ಐದು ಉತ್ತಮ ಮಾರುವ ರೇಟು. ಮೂರು ಕೀಲಿ. ಈಗಲೂ ಎಷ್ಟೋ ಟರ್ಮಿನಲ್‌ಗಳಲ್ಲಿ ಅವೇ ಕೀಲಿಗಳು.

ಎಫ್6 ಒತ್ತಿದಾಗ ಕಂಡದ್ದು ನನಗೆ ಮರೆಯುವುದಿಲ್ಲ. ಐದು ವರ್ಷ ಫೋನಿನಲ್ಲಿ "ರೇಟು ಎಷ್ಟು?" ಅಂತ ಕೇಳಿದ್ದೆ. ಕೇಳಿದಾಗೆಲ್ಲ ಒಂದೇ ಸಂಖ್ಯೆ ಹೇಳುತ್ತಿದ್ದರು. ಇಲ್ಲಿ ನೋಡಿದರೆ ರೇಟು ಅನ್ನುವುದು ಒಂದು ಸಂಖ್ಯೆಯೇ ಅಲ್ಲ. ಇಷ್ಟು ಷೇರಿಗೆ ಇಷ್ಟು, ಅದಕ್ಕಿಂತ ಜಾಸ್ತಿ ಬೇಕಾದರೆ ಇನ್ನಷ್ಟು. ಮೆಟ್ಟಿಲು ಮೆಟ್ಟಿಲಾಗಿ.

ಮೊದಲ ವಾರವೇ ಮೇಷ್ಟ್ರು ಬಂದರು. ಅವರಿಗೆ ಒಂದು ಸಿಮೆಂಟ್ ಕಂಪನಿಯ 200 ಷೇರು ಬೇಕಿತ್ತು. ಕುರ್ಚಿ ಎಳೆದು ಸ್ಕ್ರೀನ್ ಮುಂದೆ ಕೂರಿಸಿದೆ. ಮಾರುವ ಸಾಲಿನಲ್ಲಿ ಒಬ್ಬರು 100 ಕೊಡಲು ತಯಾರಿದ್ದರು. ಇನ್ನೊಂದು 100 ಐವತ್ತು ಪೈಸೆ ಜಾಸ್ತಿಗೆ ಇತ್ತು. ಹೊಡೆದೆ. ಎರಡು ಕಂತಿನಲ್ಲಿ ಆಯಿತು. ಪ್ರಿಂಟರ್ ಕಿರ್‍ರ್ ಅಂತ ಚೀಟಿ ಉಗುಳಿತು. ಆರ್ಡರ್ ನಂಬರು, ಟ್ರೇಡ್ ನಂಬರು, ಗಂಟೆ, ನಿಮಿಷ, ಸೆಕೆಂಡು. ಮೇಷ್ಟ್ರು ಕೈಗಡಿಯಾರ ನೋಡಿ ಚೀಟಿ ನೋಡಿದರು.

"ಯಾರು ಮಾರಿದ್ದು?"

"ಅದು ಗೊತ್ತಾಗಲ್ಲ ಸಾರ್. ಹೆಸರು ತೋರ್ಸಲ್ಲ."

"ಯಾರು ಅಂತ ಗೊತ್ತಿಲ್ದೆ ದುಡ್ಡು ಹೇಗಪ್ಪಾ ಕೊಡೋದು? ನಾಳೆ ಅವನು ಷೇರು ಕೊಡದೇ ಹೋದ್ರೆ?"

ಒಳ್ಳೆಯ ಪ್ರಶ್ನೆ. ಹೆಸರಿಲ್ಲದ ಸಾಲು ನಡೆಯಬೇಕಾದರೆ ನಡುವೆ ಯಾರೋ ಒಬ್ಬರು ಜವಾಬ್ದಾರಿ ಹೊರಬೇಕು. ಎನ್‌ಎಸ್‌ಇ ಅದಕ್ಕೆಂದೇ 1995ರಲ್ಲಿ ಒಂದು ಕ್ಲಿಯರಿಂಗ್ ಸಂಸ್ಥೆ ಕಟ್ಟಿತು. 1996ರ ಏಪ್ರಿಲಿನಿಂದ ಅದು ಕೆಲಸ ಶುರು ಮಾಡಿತು. ಸಾಲಿನಲ್ಲಿ ವ್ಯಾಪಾರ ಕುದುರಿದ ಮೇಲೆ, ಮಾರಿದವನಿಗೆ ಅದೇ ಗಿರಾಕಿ, ಕೊಂಡವನಿಗೆ ಅದೇ ಅಂಗಡಿ. ಯಾರಾದರೂ ಕೈ ಎತ್ತಿದರೂ ಎದುರಿನವನಿಗೆ ಅದು ದುಡ್ಡೋ ಷೇರೋ ಕೊಡುತ್ತದೆ. ಆ ಭಯಕ್ಕೇ ಬ್ರೋಕರ್‌ಗಳಿಂದ ಮುಂಗಡವಾಗಿ ಮಾರ್ಜಿನ್, ಅಂದರೆ ಭದ್ರತೆಯ ದುಡ್ಡು, ಹಿಡಿಯುತ್ತದೆ. ಸ್ಕ್ರೀನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಪ್ರಕಾರ ಸ್ಕ್ರೀನಿಗಿಂತ ದೊಡ್ಡ ಬದಲಾವಣೆ ಇದೇ. ಯಜಮಾನರು ಕೇಳಿದ ಪ್ರಶ್ನೆಗೂ ಇದೇ ಉತ್ತರ. ಮುಖ ನೋಡುವ ಅಗತ್ಯವೇ ಹೋಯಿತು.

ಮೇಷ್ಟ್ರು ಪೂರ್ತಿ ಒಪ್ಪಲಿಲ್ಲ. ಆದರೆ ಚೀಟಿಯನ್ನು ನೋಟ್‌ಬುಕ್ಕಿಗೆ ಅಂಟಿಸಿಕೊಂಡರು.

ಸಾಲಿನ ನಿಯಮ ಸರಳ. ಮೊದಲು ಬೆಲೆ, ಆಮೇಲೆ ಹೊತ್ತು. ಕೊಳ್ಳುವವರಲ್ಲಿ ಜಾಸ್ತಿ ಕೊಡುವವನು ಮುಂದೆ. ಇಬ್ಬರೂ ಒಂದೇ ರೇಟು ಹೇಳಿದರೆ ಮೊದಲು ಬಂದವನು ಮುಂದೆ. ಮುಂಬೈನ ದೊಡ್ಡ ಸಾಹುಕಾರನೂ ಮೇಷ್ಟ್ರೂ ಒಂದೇ ಸಾಲು. ರೇಷನ್ ಅಂಗಡಿ ಕ್ಯೂ ಇದ್ದ ಹಾಗೆ. ಆದರೆ ಇಲ್ಲಿ ನಡುವೆ ನುಗ್ಗಲು ಆಗುವುದಿಲ್ಲ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ನಾನು ಅದನ್ನು ಕಲಿಯಲು ತಿಂಗಳುಗಟ್ಟಲೆ ತೆಗೆದುಕೊಂಡೆ. ಸಾಲಿನಲ್ಲಿ ನಿಂತ ಆರ್ಡರಿನ ರೇಟು ಬದಲಿಸಿದರೆ ನಿಮ್ಮ ಜಾಗ ಹೋಗುತ್ತದೆ. ಷೇರಿನ ಸಂಖ್ಯೆ ಹೆಚ್ಚಿಸಿದರೂ ಹೋಗುತ್ತದೆ. ಸಂಖ್ಯೆ ಕಡಿಮೆ ಮಾಡಿದರೆ ಮಾತ್ರ ಜಾಗ ಉಳಿಯುತ್ತದೆ. ಸುಮ್ನೆ ಐದು ಪೈಸೆ ಆಚೆ ಈಚೆ ಮಾಡುತ್ತಾ ಕೂರುವವನು ಪ್ರತಿ ಸಲ ಬಾಲಕ್ಕೆ ಹೋಗಿ ನಿಲ್ಲುತ್ತಾನೆ. ನಾನು ಜಾಸ್ತಿ ಬೇಕಾದಾಗ ಹಳೆ ಆರ್ಡರನ್ನು ಮುಟ್ಟುತ್ತಿರಲಿಲ್ಲ, ಪಕ್ಕದಲ್ಲಿ ಹೊಸದೊಂದು ಹಾಕುತ್ತಿದ್ದೆ.

ಹೊರಗಿನ ತೊಂದರೆಗಳೂ ಇದ್ದವು. ವರ್ಷಕ್ಕೆ ಎರಡು ಸಲ, ಮಾರ್ಚ್ ಹೊತ್ತಿಗೆ ಮತ್ತು ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ, ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಡಿಶ್ಶಿಗೆ ಉಪಗ್ರಹದ ಮಾತು ಕೇಳಿಸುವುದಿಲ್ಲ, ಬರೀ ಸೂರ್ಯನ ಗದ್ದಲ. ಆ ದಿನಗಳಲ್ಲಿ ಪೇಟೆಯನ್ನೇ ಸ್ವಲ್ಪ ಹೊತ್ತು ನಿಲ್ಲಿಸಿ ಆಮೇಲೆ ಮುಂದುವರಿಸುತ್ತಿದ್ದರು. ಮೊದಲೇ ಸುತ್ತೋಲೆ ಬರುತ್ತಿತ್ತು. ದೇಶದ ಷೇರುಪೇಟೆಗೆ ಸೂರ್ಯ ರಜೆ ಕೊಡುವುದು ನೋಡಿ ಯಜಮಾನರಿಗೆ ಭಾರಿ ಖುಷಿ. "ಗ್ರಹಣ ಬಿಟ್ಟ ಮೇಲೆ ಶುರು ಮಾಡೋಣ" ಅಂತ ಕಾಫಿ ತರಿಸುತ್ತಿದ್ದರು.

1997ರಲ್ಲಿ ಬೋಲ್ಟ್ ಮುಂಬೈ ದಾಟಿ ಬೇರೆ ಊರಿಗೂ ಹರಡಿತು. ನಮ್ಮ ಮೇಜಿನ ಮೇಲೆ ಎರಡು ಪೇಟೆಯ ಎರಡು ಸ್ಕ್ರೀನ್. ಒಂದೇ ಷೇರು ಇಲ್ಲಿ 340.50, ಅಲ್ಲಿ 341.75. ಇಲ್ಲಿ ಕೊಂಡು ಅಲ್ಲಿ ಮಾರು. ಎಡಗೈ ಒಂದು ಕೀಬೋರ್ಡ್, ಬಲಗೈ ಇನ್ನೊಂದು. ಇದನ್ನು ಆರ್ಬಿಟ್ರೇಜ್ ಅನ್ನುತ್ತಾರೆ. ಆಗ ಅದು ನಿಜವಾಗಿ ಕೈ ಕೆಲಸ. ಒಂದು ಕಡೆ ಸಿಕ್ಕಿ ಇನ್ನೊಂದು ಕಡೆ ಸಿಗದೇ ಹೋದರೆ ಲಾಭ ಹೋಗಲಿ, ಗಾಯ. ದಿನಕ್ಕೆ ಮೂವತ್ತು ನಲವತ್ತು ಸಲ ಮಾಡುತ್ತಿದ್ದೆವು. ನಮ್ಮಂಥವರು ಊರೂರಲ್ಲಿ ಇದನ್ನೇ ಮಾಡಿದ್ದರಿಂದ ಎರಡು ಪೇಟೆಯ ರೇಟು ಹತ್ತಿರ ಹತ್ತಿರ ಬಂತು, ನಮ್ಮ ಲಾಭವೂ ತೆಳ್ಳಗಾಯಿತು.

ಇನ್ನೊಂದು ಆಟವೂ ಇತ್ತು, ಅದು ಅಷ್ಟು ಒಳ್ಳೆಯದಲ್ಲ. ಎನ್‌ಎಸ್‌ಇಯಲ್ಲಿ ವಾರ ಶುರುವಾಗುತ್ತಿದ್ದದ್ದು ಬುಧವಾರ, ಮುಗಿಯುತ್ತಿದ್ದದ್ದು ಮಂಗಳವಾರ. ಬಿಎಸ್‌ಇಯಲ್ಲಿ ಸೋಮವಾರದಿಂದ ಶುಕ್ರವಾರ. ವಾರದ ಕೊನೆಗೆ ಮಾತ್ರ ಲೆಕ್ಕ ಚುಕ್ತಾ. ಹಾಗಾಗಿ ಇಲ್ಲಿ ಮಂಗಳವಾರ ಮಾರಿ ಅಲ್ಲಿ ಕೊಳ್ಳುವುದು, ಅಲ್ಲಿ ಶುಕ್ರವಾರ ಮಾರಿ ಇಲ್ಲಿ ಕೊಳ್ಳುವುದು. ದುಡ್ಡು ಪೂರ್ತಿ ಕೊಡದೇ ತಿಂಗಳುಗಟ್ಟಲೆ ಷೇರು ಹಿಡಿದು ಕೂರಬಹುದಿತ್ತು. ಸ್ಕ್ರೀನ್ ಎಷ್ಟೇ ಹೊಸದಾಗಿದ್ದರೂ ಅದರ ಹಿಂದಿನ ಲೆಕ್ಕದ ಪುಸ್ತಕ ಹಳೆಯದೇ ಆಗಿತ್ತು. 2001ರ ಜುಲೈನಲ್ಲಿ ಬದ್ಲಾ, ಅಂದರೆ ಲೆಕ್ಕ ಚುಕ್ತಾ ಮಾಡದೇ ಮುಂದಕ್ಕೆ ಹಾಕುವ ಹಳೆ ಪದ್ಧತಿ, ನಿಂತಿತು, ಪ್ರತಿ ದಿನದ ವ್ಯಾಪಾರಕ್ಕೆ ಆ ದಿನದ್ದೇ ಬೇರೆ ಲೆಕ್ಕ ಇಡುವ ಪದ್ಧತಿ ಬಂತು. ಮೊದಲು ಐದು ದಿನಕ್ಕೆ ಚುಕ್ತಾ. 2002ರ ಏಪ್ರಿಲಿನಿಂದ ಮೂರು ದಿನ, 2003ರ ಏಪ್ರಿಲಿನಿಂದ ಎರಡು. 2023ರ ಜನವರಿ 27ರಿಂದ ಎಲ್ಲ ಷೇರಿಗೂ ಮರುದಿನವೇ.

ಕಾಗದದ ಕಾಟ ಹೋದದ್ದೂ ಇದೇ ಕಾಲದಲ್ಲಿ. ಷೇರನ್ನು ಕಾಗದದ ಬದಲು ಕಂಪ್ಯೂಟರ್ ಖಾತೆಯಲ್ಲಿ ಇಡುವ ಸಂಸ್ಥೆಗೆ ಡಿಪಾಸಿಟರಿ ಅನ್ನುತ್ತಾರೆ. 1996ರಲ್ಲಿ ಡಿಪಾಸಿಟರಿ ಕಾನೂನು ಬಂತು. ಆ ನವೆಂಬರಿನಲ್ಲೇ ಎನ್‌ಎಸ್‌ಡಿಎಲ್ ಅನ್ನುವ ಡಿಪಾಸಿಟರಿ ಶುರುವಾಯಿತು. 1999ರಿಂದ ಒಂದೊಂದೇ ಷೇರನ್ನು ಸಾಮಾನ್ಯ ಜನರಿಗೂ ಡಿಮ್ಯಾಟಿನಲ್ಲೇ, ಅಂದರೆ ಕಾಗದ ಇಲ್ಲದ ಖಾತೆಯಲ್ಲೇ, ಕಡ್ಡಾಯ ಮಾಡುತ್ತಾ ಬಂದರು. ಟ್ರಾನ್ಸ್‌ಫರ್ ಸ್ಟಾಂಪು ಇಲ್ಲ, ಸಹಿ ಜಗಳ ಇಲ್ಲ, 50–100ರ ಕಟ್ಟು ಇಲ್ಲ, ಒಂದು ಷೇರೂ ಕೊಳ್ಳಬಹುದು. ನನ್ನ ಮೇಜಿನ ಗೋಂದಿನ ಬಾಟಲಿ ಒಣಗಿ ಹೋಯಿತು.

ಒಂದು ಷೇರೂ ಕೊಳ್ಳಬಹುದಾದ ಆ ವರ್ಷವೇ ನಾನು ದೊಡ್ಡ ಎಡವಟ್ಟು ಮಾಡಿಕೊಂಡೆ. ಇದನ್ನು ಲೆಕ್ಕ ಸಮೇತ ಹೇಳುತ್ತೇನೆ. ಈಗಲೂ ಜನ ಇದೇ ತಪ್ಪು ಮಾಡುತ್ತಿದ್ದಾರೆ.

ಒಬ್ಬ ಗಿರಾಕಿ ಫೋನಿನಲ್ಲಿ ಒಂದು ಸಣ್ಣ ಕಂಪನಿಯ 60 ಷೇರು ಹೇಳಿದರು. "ಮಾರ್ಕೆಟ್ ರೇಟಿಗೆ ತಗೊಳ್ಳಿ" ಅಂದರು. ಕೊನೆಯ ವ್ಯಾಪಾರ 215ಕ್ಕೆ ಆಗಿತ್ತು. ನಾನು ಎಫ್1 ಒತ್ತಿದೆ, ಟೈಪ್ ಮಾಡಿದೆ, ಎಂಟರ್ ಹೊಡೆದೆ. ಹೊಡೆದ ಮೇಲೆ ಕಂಡಿತು, 600. ಒಂದು ಸೊನ್ನೆ ಜಾಸ್ತಿ. ಮಾರ್ಕೆಟ್ ಆರ್ಡರ್ ಅಂದರೆ ರೇಟಿನ ಮಿತಿ ಇಲ್ಲದ್ದು. ಸಾಲಿನಲ್ಲಿ ಯಾರಿದ್ದಾರೋ ಅವರನ್ನೆಲ್ಲ ತಿಂದುಕೊಂಡು ಹೋಗುತ್ತದೆ. 215ಕ್ಕೆ 80 ಇತ್ತು, ತಿಂದಿತು. 216.50ಕ್ಕೆ 40. ಆಮೇಲೆ 219ಕ್ಕೆ 200. 225ಕ್ಕೆ 60. ಉಳಿದ 220 ಷೇರು 231ಕ್ಕೆ. ಒಟ್ಟು 1,33,980 ರೂಪಾಯಿ, ಸರಾಸರಿ 223.30. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು.

ಬೆವರು ಇಳಿಯಿತು. ಗಿರಾಕಿಗೆ ಮೊದಲಿನ 60 ಷೇರು 215ಕ್ಕೇ ಕೊಟ್ಟೆವು, ಅದು ನ್ಯಾಯ. ಉಳಿದ 540 ನಮ್ಮ ತಲೆಗೆ. ಅದರ ಅಸಲು 1,21,080. ಇನ್ನೂ ಕೆಳಗೆ ಹೋಗುವ ಮೊದಲು ಕೈ ತೊಳೆದುಕೊಳ್ಳಬೇಕು ಅಂತ ತಕ್ಷಣ ಮಾರಿದೆವು. ಕೊಳ್ಳುವ ಸಾಲಿನಲ್ಲಿ 214.50ಕ್ಕೆ 120, 214.25ಕ್ಕೆ 300, 214ಕ್ಕೆ 50. ಉಳಿದ 70 ಷೇರಿಗೆ 211 ಸಿಕ್ಕಿತು. ಬಂದದ್ದು 1,15,485. ನಷ್ಟ 5,595 ರೂಪಾಯಿ. ನನ್ನ ತಿಂಗಳ ಸಂಬಳಕ್ಕಿಂತ ಜಾಸ್ತಿ. ಯಜಮಾನರು ಬೈಯಲಿಲ್ಲ. ತಿಂಗಳಿಗೆ 500ರಂತೆ ಹಿಡಿದುಕೊಂಡರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತ್ತು.

ಲೆಕ್ಕ ಇನ್ನೊಮ್ಮೆ ನೋಡಿ. ಕಂಪನಿಗೆ ಏನೂ ಆಗಿರಲಿಲ್ಲ, ಸುದ್ದಿ ಇರಲಿಲ್ಲ. 215 ಅಂತ ಮಿನುಗುತ್ತಿದ್ದ ರೇಟು 80 ಷೇರಿಗೆ ಮಾತ್ರ ನಿಜವಾಗಿತ್ತು. ಆವತ್ತಿನಿಂದ ನಾನು ಮಾರ್ಕೆಟ್ ಆರ್ಡರ್ ಬಿಟ್ಟೆ. ಗಿರಾಕಿ "ಮಾರ್ಕೆಟ್ ರೇಟು" ಅಂದರೂ ನಾನು ಒಂದು ಮಿತಿ ಹಾಕಿಯೇ ಕಳಿಸುತ್ತಿದ್ದೆ. 215 ನಡೆಯುತ್ತಿದ್ದರೆ 215.50. ಅಷ್ಟಕ್ಕೆ ಸಿಕ್ಕಷ್ಟು ಸಿಗಲಿ, ಉಳಿದದ್ದು ಸಾಲಿನಲ್ಲಿ ನಿಲ್ಲಲಿ.

2000ದ ಫೆಬ್ರುವರಿಯಲ್ಲಿ ಇಂಟರ್ನೆಟ್ ಮೂಲಕ ಕೊಳ್ಳುವುದು ಶುರುವಾಯಿತು. ಮೊದಮೊದಲು ನಗು ಬರುತ್ತಿತ್ತು. ಡಯಲ್ ಮಾಡಿ, ಕೊಂಯ್ ಅನ್ನಿಸಿ, ಪುಟ ಬರುವಷ್ಟರಲ್ಲಿ ರೇಟು ಊರು ಬಿಟ್ಟಿರುತ್ತಿತ್ತು. ಬೇಕಿದ್ದವರು ನಮಗೇ ಫೋನ್ ಮಾಡುತ್ತಿದ್ದರು. ಬ್ರಾಡ್‌ಬ್ಯಾಂಡ್ ಬಂದ ಮೇಲೆ ನಗು ನಿಂತಿತು. ಗಿರಾಕಿಗಳು ಒಬ್ಬೊಬ್ಬರೇ ಬರುವುದು ಬಿಟ್ಟರು. ಶೇ 1ರ ಮೇಲಿದ್ದ ಬ್ರೋಕರೇಜ್ ಅರ್ಧಕ್ಕೆ ಇಳಿಯಿತು, ಮತ್ತೆ ಅರ್ಧಕ್ಕೆ. ಕೊನೆಗೆ ಆರ್ಡರಿಗೆ ಇಷ್ಟು ರೂಪಾಯಿ ಅನ್ನುವವರು ಬಂದರು. ಆಮೇಲೆ ಡೆಲಿವರಿಗೆ, ಅಂದರೆ ಷೇರು ಕೊಂಡು ಇಟ್ಟುಕೊಳ್ಳುವುದಕ್ಕೆ, ಏನೂ ಬೇಡ ಅನ್ನುವವರೂ ಬಂದರು. 2004ರ ಅಕ್ಟೋಬರಿನಿಂದ ಸರ್ಕಾರ ಎಸ್‌ಟಿಟಿ ಅನ್ನುವ ಷೇರು ವ್ಯವಹಾರದ ತೆರಿಗೆ ಹಾಕಿತು. ಎಷ್ಟೋ ಜನ ಇವತ್ತು ಬ್ರೋಕರಿಗಿಂತ ಜಾಸ್ತಿ ಸರ್ಕಾರಕ್ಕೇ ಕೊಡುತ್ತಾರೆ. ಅವರಿಗೆ ಗೊತ್ತೂ ಇರುವುದಿಲ್ಲ, ಕಾಂಟ್ರಾಕ್ಟ್ ನೋಟ್ ತೆರೆದು ಯಾರು ನೋಡುತ್ತಾರೆ?

ಜೆ.ಸಿ. ರಸ್ತೆಯ ಕೇಂದ್ರದ ಕಥೆ ಬೇಗ ಹೇಳಿಬಿಡುತ್ತೇನೆ, ನನಗೆ ಅದು ಇಷ್ಟದ ವಿಷಯವಲ್ಲ. ಅವರೂ ಸ್ಕ್ರೀನ್ ತಂದರು. ಆದರೆ ಸಾಲು ಎಲ್ಲಿ ಉದ್ದ ಇದೆಯೋ ಅಲ್ಲಿಗೇ ಜನ ಹೋಗುತ್ತಾರೆ, ಅಲ್ಲಿ ಬೇಗ ಸಿಗುತ್ತದೆ, ಬೇಗ ಮಾರಬಹುದು. ಜನ ಹೋದಷ್ಟೂ ಇಲ್ಲಿನ ಸಾಲು ಕಿರಿದಾಗುತ್ತದೆ. ದೇಶದ ಊರೂರ ಷೇರು ಕೇಂದ್ರಗಳಿಗೆಲ್ಲ ಇದೇ ಗತಿ. ಬೆಂಗಳೂರಿನದು 2014ರಲ್ಲಿ ಸೆಬಿಯ ಒಪ್ಪಿಗೆ ಪಡೆದು ಮುಚ್ಚಿತು.

ನಾನು ಅಷ್ಟರಲ್ಲಿ ಸಬ್ ಬ್ರೋಕರ್ ಆಗಿ, ಇಪ್ಪತ್ತು ಮೂವತ್ತು ಹಳೆ ಗಿರಾಕಿಗಳ ಜೊತೆ ನನ್ನದೂ ಸ್ವಲ್ಪ ವ್ಯವಹಾರ ನಡೆಸುತ್ತಿದ್ದೆ. 2010ರ ನಂತರ ಸ್ಕ್ರೀನಿನ ನಡವಳಿಕೆಯೇ ಬದಲಾಯಿತು. ಮೊದಲು ಎಫ್6 ಒತ್ತಿದರೆ ಸಾಲು ನಿಧಾನ ಸರಿಯುತ್ತಿತ್ತು, ಆಚೆಗೊಬ್ಬ ಮನುಷ್ಯ ಯೋಚಿಸುತ್ತಿದ್ದಾನೆ ಅನ್ನಿಸುತ್ತಿತ್ತು. ಈಗ 300 ಷೇರಿನ ಆರ್ಡರ್ ಕಾಣುತ್ತದೆ, ಬೆರಳು ಕೀಲಿಗೆ ಹೋಗುವಷ್ಟರಲ್ಲಿ ಮಾಯ. ಐದು ಪೈಸೆ ಆಚೆ ಮತ್ತೆ ಹಾಜರ್. ವಿನಿಮಯ ಕೇಂದ್ರದ ಕಟ್ಟಡದಲ್ಲೇ ಬಾಡಿಗೆಗೆ ಜಾಗ ಹಿಡಿದು ಕಂಪ್ಯೂಟರ್ ಇಟ್ಟವರು ಸಾಲಿಗೆ ನಮಗಿಂತ ಮೊದಲು ತಲುಪುತ್ತಾರೆ. ಮೊದಲು ಬಂದವನು ಮುಂದೆ ಅನ್ನುವ ನಿಯಮ ಹಾಗೇ ಇದೆ. ಮೊದಲು ಬರುವುದು ಮಾತ್ರ ಮನುಷ್ಯನ ಕೈಲಿ ಉಳಿದಿಲ್ಲ. ನನ್ನ ಎಡಗೈ–ಬಲಗೈ ಆರ್ಬಿಟ್ರೇಜ್ ಆವತ್ತಿಗೆ ಸತ್ತಿತು. ನಾನು ಅದಕ್ಕೆ ಅಳಲಿಲ್ಲ. ನೂರು ಷೇರು ಕೊಂಡು ಐದು ವರ್ಷ ಇಡುವವನಿಗೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗ ಕಟ್ಟಿಕೊಂಡು ಏನಾಗಬೇಕು?

ಆದರೂ ಭಯಪಟ್ಟ ದಿನ ಒಂದಿದೆ. 2012ರ ಅಕ್ಟೋಬರ್ 5, ಶುಕ್ರವಾರ. ಹತ್ತು ಗಂಟೆ ಆಗುವುದರೊಳಗೆ ಎನ್‌ಎಸ್‌ಇಯ ಸೂಚ್ಯಂಕ ನಿಫ್ಟಿ ನೋಡನೋಡುತ್ತಾ 5,800ರ ಹತ್ತಿರದಿಂದ 4,900ಕ್ಕೂ ಕೆಳಗೆ ಬಿತ್ತು. ಸೆಕೆಂಡುಗಳ ಲೆಕ್ಕ. ವ್ಯವಹಾರ ನಿಂತಿತು. ಯುದ್ಧವೋ ಬಾಂಬೋ ಅಂತ ಟಿವಿ ಹಾಕಿದೆವು. ಎಂಥದೂ ಇಲ್ಲ. ಒಬ್ಬ ಬ್ರೋಕರ್ ಕಡೆಯಿಂದ ಸುಮಾರು 650 ಕೋಟಿಯ ತಪ್ಪು ಆರ್ಡರ್ ಹೋಗಿತ್ತು. ನನ್ನ 540 ಷೇರಿನ ಕಥೆಯೇ, ದೊಡ್ಡದಾಗಿ. ಸ್ವಲ್ಪ ಹೊತ್ತಿನಲ್ಲಿ ಪೇಟೆ ಮತ್ತೆ ತೆರೆಯಿತು, ರೇಟುಗಳು ವಾಪಸ್ ಬಂದವು. ಆದರೆ ನನ್ನ ಒಬ್ಬ ಗಿರಾಕಿಯ ಷೇರು ವಾಪಸ್ ಬರಲಿಲ್ಲ. ಅವರು ಒಂದು ದೊಡ್ಡ ಕಂಪನಿಯ ಷೇರಿಗೆ ಸ್ಟಾಪ್ ಲಾಸ್ ಹಾಕಿಸಿದ್ದರು, ಇಷ್ಟಕ್ಕೆ ಇಳಿದರೆ ಮಾರ್ಕೆಟ್ ರೇಟಿಗೆ ಮಾರು ಅಂತ. ಆ ಕ್ಷಣದಲ್ಲಿ ಮಾರ್ಕೆಟ್ ರೇಟು ಅಂದರೆ ಪಾತಾಳ. ಅಲ್ಲೇ ಮಾರಾಟವಾಯಿತು. ಸ್ಟಾಪ್ ಲಾಸಿಗೂ ಒಂದು ಮಿತಿ ರೇಟು ಹಾಕಬೇಕಿತ್ತು. ನನಗೆ ಗೊತ್ತಿದ್ದೂ ಆವತ್ತು ಹಾಕಿರಲಿಲ್ಲ, ಸೋಮಾರಿತನ. ಅವರು ನನ್ನ ಜೊತೆ ಮತ್ತೆ ವ್ಯವಹಾರ ಮಾಡಲಿಲ್ಲ. ತಪ್ಪು ನನ್ನದೇ. ಮಿತಿ ಹಾಕಿದರೆ ನಿಜವಾಗಿ ಬೀಳುವ ದಿನ ಮಾರಾಟವೇ ಆಗದೇ ಹೋಗಬಹುದು, ಆ ಅಪಾಯವೂ ಇದೆ. ಎರಡರಲ್ಲಿ ಯಾವುದು ಬೇಕು ಅಂತ ಗಿರಾಕಿಯನ್ನೇ ಕೇಳಿ ಬರೆದುಕೊಳ್ಳುವುದು ಆಮೇಲಿನ ನನ್ನ ಪದ್ಧತಿ.

ಈಗ ನಾನು ಹೇಗೆ ಕೊಳ್ಳುತ್ತೇನೆ ಅಂತ ಕೇಳುವವರಿದ್ದಾರೆ. ಬೆಳಿಗ್ಗೆ 9.15ಕ್ಕೆ ತೆರೆದ ಕೂಡಲೇ ಏನೂ ಮಾಡುವುದಿಲ್ಲ. ರಾತ್ರಿಯ ಸುದ್ದಿಗೆಲ್ಲ ಒಟ್ಟಿಗೆ ನುಗ್ಗುವ ಹೊತ್ತು ಅದು. ಹನ್ನೊಂದರ ಮೇಲೆ ಸಾಲು ನೋಡುತ್ತೇನೆ. ಕೊಳ್ಳುವ ಮೇಲಿನ ರೇಟಿಗೂ ಮಾರುವ ಕೆಳಗಿನ ರೇಟಿಗೂ ಎಷ್ಟು ಅಂತರ ಇದೆ ಅನ್ನುವುದು ಮೊದಲು. ದೊಡ್ಡ ಕಂಪನಿಗಳಲ್ಲಿ ಅದು ಐದು ಹತ್ತು ಪೈಸೆ, ಲೆಕ್ಕಕ್ಕಿಲ್ಲ. ಸಣ್ಣದರಲ್ಲಿ ಎರಡು ಮೂರು ರೂಪಾಯಿ ಇದ್ದರೆ, ಬ್ರೋಕರೇಜ್ ಸೊನ್ನೆ ಅಂದುಕೊಂಡು ಕುಣಿಯುವವರು ಕೊಡುತ್ತಿರುವ ನಿಜವಾದ ಕೂಲಿ ಅದೇ. ಹಳೆಯ ಗಾಲಾ ಒಬ್ಬ ಬ್ರೋಕರಿನ ಜೇಬಿಗೆ ಹೋಗುತ್ತಿತ್ತು, ಈ ಅಂತರ ಸಾಲಿನಲ್ಲಿ ತಾಳ್ಮೆಯಿಂದ ನಿಂತವನ ಜೇಬಿಗೆ ಹೋಗುತ್ತದೆ. ಹಾಗಾಗಿ ನಾನು ನಿಲ್ಲುವವನಾಗುತ್ತೇನೆ. 500 ಬೇಕಿದ್ದರೆ 100ರಂತೆ ಐದು ಕಂತು. ಮುಟ್ಟದೇ ಬಿಡುತ್ತೇನೆ. ಸಿಗಲಿಲ್ಲವೋ, ನಾಳೆ ನೋಡೋಣ. ಮುಕ್ತಾಯದ ರೇಟು ಅಂತ ಪೇಪರಿನಲ್ಲಿ ಬರುವುದು ಕೊನೆಯ ಅರ್ಧ ಗಂಟೆಯ ಸರಾಸರಿ ಅನ್ನುವುದೂ ನೆನಪಿರಲಿ. ಕೊನೆಯ ಸೆಕೆಂಡಿನಲ್ಲಿ ಹಾರಿದ ರೇಟು ನೋಡಿ ಕೊರಗುವವರನ್ನು ನಾನು ತುಂಬ ನೋಡಿದ್ದೇನೆ.

ನಮ್ಮ ಅಕ್ಕನ ಮಗ ಇದನ್ನೆಲ್ಲ ಕೇಳಿ ಆಕಳಿಸುತ್ತಾನೆ. ಅವನದು ಆಪ್ಷನ್ ವ್ಯಾಪಾರ, ಫೋನಿನಲ್ಲಿ, ಬಸ್ಸಿನಲ್ಲಿ ನಿಂತುಕೊಂಡು. ಫ್ಯೂಚರ್ಸ್, ಆಪ್ಷನ್ಸ್ ಅಂದರೆ ಷೇರನ್ನೇ ಕೊಳ್ಳುವುದಲ್ಲ, ಅದರ ಮುಂದಿನ ಬೆಲೆಯ ಮೇಲೆ ಮಾಡುವ ಒಪ್ಪಂದ. 2021–22ರಿಂದ 2023–24ರವರೆಗಿನ ಮೂರು ವರ್ಷದ ಲೆಕ್ಕ ತೆಗೆದು ಸೆಬಿ ಹೇಳಿದೆ, ಫ್ಯೂಚರ್ಸ್–ಆಪ್ಷನ್ಸ್ ಮಾಡಿದ ವ್ಯಕ್ತಿಗಳಲ್ಲಿ ಶೇ 93 ಜನ ಕಳೆದುಕೊಂಡಿದ್ದಾರೆ, ಒಟ್ಟು 1.8 ಲಕ್ಷ ಕೋಟಿಗೂ ಜಾಸ್ತಿ. ಅವನಿಗೆ ತೋರಿಸಿದೆ.

"ಮಾಮ, ಉಳಿದ ಏಳು ಜನ ಇದ್ದಾರಲ್ಲ."

"ಹೋದ ತಿಂಗಳು ನಿಂದು ಎಷ್ಟಾಯ್ತೋ?"

ಮಾತಾಡಲಿಲ್ಲ. ಫೋನ್ ಕೊಟ್ಟ. ಅವನ ಖಾತೆಯ ಪಟ್ಟಿ ತೆರೆದೆ. ಒಂದು ತಿಂಗಳಿಗೆ 412 ವ್ಯಾಪಾರ. ನಮ್ಮ ಫೋನಿನ ಕಾಲದಲ್ಲಿ ಆಫೀಸಿನ ಎಲ್ಲ ಗಿರಾಕಿಗಳನ್ನು ಸೇರಿಸಿದರೂ ತಿಂಗಳಿಗೆ ಅಷ್ಟು ಆಗುತ್ತಿರಲಿಲ್ಲ. ಪ್ರತಿಯೊಂದಕ್ಕೂ ಗಂಟೆ, ನಿಮಿಷ, ಸೆಕೆಂಡು ಇತ್ತು. ರೇಟಿನಲ್ಲಿ ಒಂದು ಪೈಸೆ ಮೋಸ ಇರಲಿಲ್ಲ. ಬ್ರೋಕರೇಜ್, ತೆರಿಗೆ ಎಲ್ಲ ಬೇರೆ ಬೇರೆ ಕಾಲಂ ಮಾಡಿ ಕೊಟ್ಟಿದ್ದರು. ಕೂಡಿಸಿದೆ. ಕಳೆದುಕೊಂಡಿದ್ದರಲ್ಲಿ ಮೂರನೇ ಒಂದು ಭಾಗ ಬರೀ ಖರ್ಚು.

"ಇದನ್ನ ಒಂದು ನೋಟ್‌ಬುಕ್ಕಲ್ಲಿ ಕೈಯಲ್ಲಿ ಬರಿ ನೋಡೋಣ, ನಾನೂರ ಹನ್ನೆರಡನ್ನೂ" ಅಂದೆ. ಐವತ್ತೈದರವರೆಗೆ ಬರೆದನಂತೆ. ಆ ವಾರ ಏನೂ ಕೊಳ್ಳಲಿಲ್ಲ.